ಏಡಿ ಹಿಡಿದ ಕೈ

ಮೊಟ್ಟೆಯೂ ಒಳಗೆ ಬಾರದ ನವುಲೆಯ ಮನೆಯಿಂದ ಬಂದವಳು ಏಡಿ ಹಿಡಿಯುವುದಿರಲಿ, ನೋಡಿದರೇ ಓಡುತ್ತಾಳೆ ಎಂದು ನನ್ನ ಅತ್ತೆ ಉಚ್ಚಂಗಮ್ಮ ತೀರ್ಪು ಕೊಟ್ಟರು. ನನ್ನ ಗಂಡ ಭೀಮೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆಯ ಮಾತಿಗಿಂತ ಆ ನಗು ನನ್ನನ್ನು ಚುಚ್ಚಿತು. ಮದುವೆಗೆ ಮುಂಚೆ ಜಾತಿಗೀತಿ ಏನೂ ಇಲ್ಲ ಎಂದು ಭಾಷಣ ಮಾಡಿದವನು ಇವನೇ.

ಅಟ್ಟದ ಮೇಲೆ ಅವನ ಕಯಾಕ್ ಇತ್ತು. ಗಾಳಿ ತುಂಬಿಸಿ, ಒಬ್ಬರೇ ಕೂತು ಹುಟ್ಟು ಹಾಕುವ ಪುಟ್ಟ ದೋಣಿ. ಆಸೆಪಟ್ಟು ತರಿಸಿ, ಫೋಟೊ ತೆಗೆಸಿಕೊಂಡು, ಮಡಿಸಿಟ್ಟಿದ್ದ. ಅದನ್ನು ಇಳಿಸಿದೆ. ನಮ್ಮ ನ್ಯೂ ಟೌನ್ ಮನೆಯಿಂದ ಭದ್ರಾ ನದಿ ದೂರವೇನಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು, ನೀರಿಗೆ ಸೆಳೆತವಿಲ್ಲದ ಕಡೆ ದೋಣಿ ಬಿಟ್ಟೆ.

ಮೊದಲ ಸಲ ಏಡಿಗೆಂದು ಬಲೆಯ ಚೀಲದಲ್ಲಿ ಕಲ್ಲಿನ ಜೊತೆ ಕೊಬ್ಬರಿ ಕಟ್ಟಿ ಹಗ್ಗದಲ್ಲಿ ಇಳಿಬಿಟ್ಟೆ. ನಮ್ಮ ತವರಿನಲ್ಲಿ ಇಲಿಬೋನಿಗೆ ಇಡುವುದೂ ಅದನ್ನೇ. ಕೊಬ್ಬರಿಯನ್ನು ಮೀನುಮರಿಗಳು ತಿಂದು ಮುಗಿಸಿದವು. ಮುಂದಿನ ವಾರ ಮೂಗು ಮುಚ್ಚಿಕೊಂಡು ಕೋಳಿಯ ಕತ್ತು ತಂದೆ. ನಾತ ತಡೆಯಲಾಗದೆ ಅರಿಸಿನ ಉಪ್ಪು ಹಚ್ಚಿ, ಬಿಸಿನೀರಿನಲ್ಲಿ ತೊಳೆದು ತೊಳೆದು ಕಟ್ಟಿದೆ. ಇಡೀ ಬೆಳಿಗ್ಗೆ ಒಂದು ಏಡಿಯೂ ತಿರುಗಿ ನೋಡಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಏಡಿ ಬರುವುದೇ ಆ ನಾತಕ್ಕೆ, ಅದನ್ನೇ ತೊಳೆದು ಮಡಿ ಮಾಡಿದ್ದೇನೆ!

ತೊಳೆಯದೆ ಕಟ್ಟಿದ ಭಾನುವಾರ ಹಗ್ಗ ಜಗ್ಗಿತು. ಗಡಿಬಿಡಿಯಲ್ಲಿ ಎಳೆದೆ, ನೀರಿನ ಮೇಲೆ ಬರುತ್ತಲೇ ಏಡಿ ಚೀಲ ಬಿಟ್ಟು ಮುಳುಗಿತು. ನಿಧಾನವಾಗಿ ಎಳೆದು ಕೆಳಗಿನಿಂದ ಕೈಬಲೆ ಒಡ್ಡಬೇಕು ಎಂದು ತಿಳಿಯುವಷ್ಟರಲ್ಲಿ ಎಷ್ಟೋ ಹೋದವು. ಸಿಕ್ಕಿದ ಒಂದು ಬಕೆಟ್ಟಿನಿಂದ ಹತ್ತಿ ಇಳಿದು ದೋಣಿಯೊಳಗೇ ಓಡಾಡತೊಡಗಿತು. ಅದರ ಕೊಂಡಿ ದೋಣಿಗೆ ಚುಚ್ಚಿದರೆ ನನ್ನ ಕಥೆ ಮುಗಿಯಿತು ಎಂದು ಕಾಲು ಮೇಲೆತ್ತಿಕೊಂಡು ಕೈ ಹಾಕಿದೆ. ಬೆರಳಿಗೆ ಸರಿಯಾಗಿ ಕಚ್ಚಿತು. ಕಿರುಚಿದೆ, ಆಮೇಲೆ ಒಬ್ಬಳೇ ನಕ್ಕೆ. ಚಿಪ್ಪನ್ನು ಹಿಂದಿನಿಂದ ಹಿಡಿದರೆ ಅದು ಏನೂ ಮಾಡಲಾರದು ಎಂದು ಕಲಿತದ್ದು ಹಾಗೆ. ಏಡಿ ತಿನ್ನುವ ಆಸೆ ನನಗೆ ಇವತ್ತಿಗೂ ಇಲ್ಲ. ಹಗ್ಗ ಬಿಗಿಯಾಗುವ ಗಳಿಗೆಯೇ ನನಗೆ ಹಬ್ಬ.

ಆ ಭಾನುವಾರ ಬಕೆಟ್ಟು ತುಂಬಿತು. ಅತ್ತೆ ಅರ್ಧ ತೆಗೆದುಕೊಂಡು ಸಾರು ಮಾಡಿದರು. ಭೀಮೇಶ್ ತನ್ನ ಗೆಳೆಯ ನಾಗೇಶನನ್ನು ಊಟಕ್ಕೆ ಕರೆದ.

"ಏನ್ ಮಾರಾಯ, ಇಷ್ಟು ದಪ್ಪ ಏಡಿ ಎಲ್ಲಿ ಸಿಕ್ತು?" ಎಂದ ನಾಗೇಶ್.

"ನಾನೇ ಹಿಡ್ದಿದ್ದು ಕಣೋ. ಕಯಾಕ್ ಸುಮ್ನೆ ತಗೊಂಡಿದೀನಾ?" ಎಂದ ನನ್ನ ಗಂಡ.

ರೊಟ್ಟಿ ಹಿಡಿದು ನಿಂತಿದ್ದ ನನ್ನ ಬಟ್ಟೆ ಸುತ್ತಿದ ಬೆರಳು ನಾಗೇಶನ ಕಣ್ಣಿಗೆ ಬಿತ್ತು. "ಬೆರಳಿಗೇನಾಯ್ತು ಅತ್ಗೆ?"

ನಾನು ಬಾಯಿ ತೆರೆಯುವ ಮೊದಲೇ ಭೀಮೇಶ್ ಹೇಳಿದ: "ಈರುಳ್ಳಿ ಹೆಚ್ತಾ ಕುಯ್ಕೊಂಡ್ಲು. ಇವ್ಳಿಗೆ ಏಡಿ ಅಂದ್ರೇನೇ ಕೈಕಾಲು ನಡುಗುತ್ತೆ."

ಮೈಯೆಲ್ಲ ಉರಿದುಹೋಯಿತು. ನನ್ನ ಏಡಿಯನ್ನೂ ಕಸಿದುಕೊಂಡ, ನನ್ನ ಗಾಯವನ್ನೂ ಕಸಿದುಕೊಂಡ! ಹಿತ್ತಲಿಗೆ ಹೋಗಿ, ಉಳಿದ ಏಡಿಗಳಿದ್ದ ಬಕೆಟ್ಟು ತಂದು ಅವನ ಮುಂದೆ ಕುಕ್ಕಿದೆ.

"ಹಿಡಿದೋರು ನೀವಲ್ವೇನ್ರೀ? ಒಂದು ಎತ್ತಿ ತೋರ್ಸಿ."

ಅವನ ಕೈ ಬಕೆಟ್ಟಿನ ಅಂಚಿಗೆ ಹೋಯಿತು. ಒಳಗೊಂದು ಕೊಂಡಿ ಮೇಲೆದ್ದದ್ದೇ ತಡ, ಹಿಂದೆ ಬಂತು. "ಊಟ ಮಾಡೋ ಕೈ ಕಣೆ, ಆಮೇಲೆ ತೋರಿಸ್ತೀನಿ."

"ಎಡಗೈ ಖಾಲಿ ಐತಲ್ಲೋ," ಎಂದರು ಅತ್ತೆ.

ನಾಗೇಶ್ ಅಗಿಯುವುದನ್ನು ನಿಲ್ಲಿಸಿದ. ನಾನು ಬಟ್ಟೆ ಸುತ್ತಿದ ಬೆರಳಿನಲ್ಲೇ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ಭೀಮೇಶನ ತಟ್ಟೆಯ ಪಕ್ಕದಲ್ಲಿ ಬಿಟ್ಟೆ. ಅವನು ಕುರ್ಚಿ ಸಮೇತ ಗೋಡೆಗೆ ಹೋಗಿ ಬಡಿದ.

ಅತ್ತೆ ಮಗನ ಮುಂದಿದ್ದ ಸಾರಿನ ಬಟ್ಟಲು ಎತ್ತಿ ನಾಗೇಶನ ಕಡೆ ಸರಿಸಿದರು.

"ನೀನು ತಿನ್ನಪ್ಪ. ಇವನಿಗೆ ಉಪ್ಪಿನಕಾಯಿ ಹಾಕ್ತೀನಿ."