ಬಾಗಿಲ ಪಕ್ಕದ ಸ್ವಿಚ್ಚು

ದೋಣಿ ದಡ ಬಿಟ್ಟಾಗಿನಿಂದ ಅಳಿಯನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಚುಕ್ಕಾಣಿಯನ್ನು ಹೆಂಡತಿಯ ಕೈಗೆ ಕೊಟ್ಟು ಬ್ಯಾಟರಿ ಮೀಟರ್ ನೋಡಿ ಬರುವುದು, ಬಂದವನು ಮತ್ತೆ ಹೋಗುವುದು.

“ರೀ, ಅದೇನು ಉಕ್ಕೋ ಹಾಲಾ, ಕಾಯ್ತಾ ನಿಲ್ಲೋಕೆ?” ಎಂದಳು ಹೆಂಡತಿ.

ಅವನ ಸಂಕಟ ಅವನಿಗೆ. ಒಳಗೆ ಅತ್ತೆ ಮೂಗಿಗೆ ಕೊಳವೆ ಹಾಕಿಕೊಂಡು ಆಕ್ಸಿಜನ್ ಯಂತ್ರದ ಪಕ್ಕ ಮಲಗಿದ್ದರು. ಆಚೆ ದ್ವೀಪದಲ್ಲಿ ಅವರ ಅಕ್ಕ ಹಾಸಿಗೆ ಹಿಡಿದು, ‘ತಂಗಿ ಬಂದ್ಳಾ?’ ಎಂದು ಕೇಳಿ ಕೇಳಿ ಈಗ ಕೇಳುವುದನ್ನೂ ಬಿಟ್ಟಿದ್ದರಂತೆ. ಯಂತ್ರವಿಲ್ಲದೆ ಅತ್ತೆ ದೋಣಿ ಹತ್ತುವಂತಿಲ್ಲ ಎಂದಿದ್ದರು ಡಾಕ್ಟರು. ಹಳೆಯ ಬ್ಯಾಟರಿಗಳು ಆ ಯಂತ್ರಕ್ಕೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕೇ ಅವನು ಎರಡಿದ್ದ ಕಡೆ ನಾಲ್ಕು ಕೂರಿಸಿದ್ದ. ನಾಲ್ಕನ್ನೂ ತುಂಬುವುದು, ಎಂಜಿನ್ ಓಡಿದಂತೆ ಕರೆಂಟ್ ಹುಟ್ಟಿಸುವ ಹಳೆಯ ಆಲ್ಟರ್ನೇಟರಿನ ಕೈಲಾಗದೆಂದು ಎಂಜಿನ್ನಿಗೆ ದೊಡ್ಡದೊಂದನ್ನು, ದಪ್ಪ ಬೆಲ್ಟಿನ ಸಮೇತ, ಬಿಗಿದಿದ್ದ. ಹೊರಡುವ ಆತುರದಲ್ಲಿ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ದಾರಿಯಲ್ಲಿ ಎಂಜಿನ್ನೇ ತುಂಬುತ್ತದೆ ಎಂಬ ಧೈರ್ಯ. ಇಡೀ ದೋಣಿಯ ಮೇನ್ ಸ್ವಿಚ್ಚನ್ನು ಸುಲಭಕ್ಕೆ ಸಿಗಲೆಂದು ಬಾಗಿಲ ಪಕ್ಕ, ಮನೆಯಲ್ಲಿ ಲೈಟಿನ ಸ್ವಿಚ್ಚಿರುವ ಎತ್ತರದಲ್ಲೇ ಇಟ್ಟಿದ್ದ. ಬುದ್ಧಿವಂತನಾಗಲು ಹೋಗಿ ಎಡವಿದ್ದು ಅಲ್ಲೇ.

ಅತ್ತೆಗೆ ಕರೆಂಟ್ ದಂಡವಾಗುವುದೆಂದರೆ ಪ್ರಾಣಸಂಕಟ. ಕೋಣೆಯಿಂದ ಹೊರಟರೆ ಕಾಲಿಗಿಂತ ಮೊದಲು ಕೈ ಸ್ವಿಚ್ಚಿಗೆ ಹೋಗುತ್ತದೆ. ಹೊಸ ಅಳಿಯ ಸ್ನಾನಕ್ಕಿಳಿದಾಗ ಒಳಗೆ ಯಾರೂ ಇಲ್ಲವೆಂದು ಲೈಟ್ ಆರಿಸಿ, ಕಣ್ಣಿಗೆ ಸೋಪು ಹೋದವನನ್ನು ಗೋಡೆ ತಡಕುವಂತೆ ಮಾಡಿದ ಮಹಾತಾಯಿ. ಅಕ್ಕ ತದ್ವಿರುದ್ಧ. ಹಗಲಲ್ಲೂ ಮನೆತುಂಬ ಲೈಟು. ಹಾಸಿಗೆ ಹಿಡಿದ ಮೇಲೂ ಸೊಸೆಯನ್ನು ಗದರಿಸಿ ಹಾಕಿಸುತ್ತಿದ್ದರು. ಅಕ್ಕತಂಗಿಯರಿಗೆ ಜೀವಮಾನವೆಲ್ಲ ಇದೇ ಜಗಳ.

ಅರ್ಧ ದಾರಿಯಲ್ಲಿ ಅತ್ತೆಗೆ ಹೊರಗಿನ ಗಾಳಿ ಬೇಕೆನಿಸಿತು. ಐದು ನಿಮಿಷಕ್ಕೇನಾಗದು ಎಂದು ಕೊಳವೆ ತೆಗೆದರು, ಯಂತ್ರ ನಿಲ್ಲಿಸಿದರು, ಬಾಗಿಲು ದಾಟುತ್ತ ಟಕ್ಕೆಂದು ಮೇನ್ ಸ್ವಿಚ್ಚನ್ನೂ ತಿರುಗಿಸಿದರು. ಎಂಜಿನ್ ಓಡುತ್ತಲೇ ಇತ್ತು. ಬ್ಯಾಟರಿಗೆ ಹರಿಯುತ್ತಿದ್ದ ಕರೆಂಟಿಗೆ ಒಮ್ಮೆಲೇ ದಾರಿ ಮುಚ್ಚಿ, ಹೊಸ ಆಲ್ಟರ್ನೇಟರ್ ಒಳಗೊಳಗೇ ಸುಟ್ಟುಹೋಯಿತು.

ಅಳಿಯ ವಾಸನೆ ಹಿಡಿದು ಓಡಿಬಂದ. ಸ್ವಿಚ್ಚನ್ನು ಮತ್ತೆ ಹಾಕಿದ. ಮೀಟರ್ ಬೆಳಗಿತು, ಎಂಜಿನ್ನಿನಿಂದ ಬರುವ ಚಾರ್ಜ್ ಮಾತ್ರ ಸೊನ್ನೆ.

“ಯಾರು ಆರ್ಸಿದ್ದು?”

“ನಾನೇ ಅಳಿಯಂದ್ರೇ. ಸುಮ್ನೆ ಯಾಕೆ ದಂಡ, ನನ್ನ ಯಂತ್ರಕ್ಕೇ ಉಳೀಲಿ ಅಂತ...”

ಅವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ? ಸ್ವಿಚ್ಚನ್ನು ಅಲ್ಲಿಟ್ಟವನು ತಾನೇ. “ವಾಪಸ್ ಹೋಗೋಣ,” ಎಂದ.

“ಬ್ಯಾಟರೀಲಿ ಇರೋದು ಅಕ್ಕನ ಮನೆ ತಂಕ ಸಾಕಾ?”

“ಸಾಕಾಗ್ಬಹುದು. ಹೇಳಕ್ಕಾಗಲ್ಲ ಅತ್ತೆ.”

“ವಾಪಸ್ ಹೋಗೋಕೂ ಅಷ್ಟೇ ಬೇಕಲ್ವಾ? ನಡೀರಿ ಮುಂದಕ್ಕೆ. ಅವಳ ಮನೇಲಿ ಕರೆಂಟಿಗೇನು ಬರ?”

ಅಳಿಯ ಫ್ರಿಜ್ಜು, ಫ್ಯಾನು, ರೇಡಿಯೊ ಎಲ್ಲ ಆರಿಸಿದ. ಕೊನೆಗೆ ಮೀಟರನ್ನೂ ಆರಿಸಿದ. ನೋಡಲು ಏನೂ ಉಳಿಯದೆ ಅವನ ಚಡಪಡಿಕೆ ಇಮ್ಮಡಿಯಾಯಿತು. ಯಂತ್ರದ ಸದ್ದಿಗೆ ಕಿವಿಗೊಟ್ಟು, ಮತ್ತೆ ಕೊಳವೆ ಹಾಕಿಕೊಂಡು ಮಲಗಿದ ಅತ್ತೆಯ ಪಕ್ಕ ಕೂತ. ಅದು ಒಂದಿಷ್ಟು ತಗ್ಗಿದರೂ ಎದ್ದು ನಿಲ್ಲುತ್ತಿದ್ದ.

ದ್ವೀಪ ಹತ್ತಿರವಾದಾಗ ಇನ್ನೂ ಬಿಸಿಲಿತ್ತು. ಯಂತ್ರ ಓಡುತ್ತಿತ್ತು. ಕಿಟಕಿಯಿಂದ ನೋಡಿದ ಅತ್ತೆ ಧಡಕ್ಕನೆ ಎದ್ದು ಕೂತರು. ದಡದ ಮನೆಯ ಜಗಲಿ, ಕೋಣೆ, ಮಹಡಿ, ಎಲ್ಲ ಕಡೆ ಲೈಟು ಉರಿಯುತ್ತಿತ್ತು.

“ನೋಡಿ, ಹಾಡಹಗಲೇ! ದುಂದುಗಾರ್ತಿ!” ಎಂದು ಬೈಯುತ್ತಲೇ ಅತ್ತೆ ಗಳಗಳನೆ ಅತ್ತರು. “ಇದ್ದಾಳೆ ಅಳಿಯಂದ್ರೇ, ಇನ್ನೂ ಇದ್ದಾಳೆ.”