ಹುಟ್ಟಿನವರು

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸದವಳಿಗೆ ಮನೆತನದ ಹೆಸರಿನ ಮೂಲ ಹುಡುಕುವ ಗೀಳು ಹತ್ತಿದ್ದು ಅಪ್ಪನ ತಂಗಿಯಾದ ಅತ್ತೆಯಿಂದಾಗಿ. ಅವರ ಮನೆತನಕ್ಕೆ ‘ಹುಟ್ಟಿನವರು’ ಎಂದು ಹೆಸರು. ಅತ್ತೆಯ ಮದುವೆಯ ಮಾತುಕತೆಯಲ್ಲಿ ಗಂಡಿನ ಸೋದರಮಾವ, “ಇದೆಂಥ ಹೆಸರು? ಹುಟ್ಟು ಗೊತ್ತಿಲ್ಲದ್ದಕ್ಕೆ ಹೀಗಿಟ್ಕೊಂಡ್ರಾ?” ಎಂದು ನಕ್ಕಿದ್ದ. ಗುಮಾಸ್ತರಾಗಿದ್ದ ಅಜ್ಜ ತಲೆ ತಗ್ಗಿಸಿ ಕೂತರೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಗಂಡಿನ ಕಡೆಯವರು ಎದ್ದು ಹೋದರು. ಸುದ್ದಿಗೆ ಕಾಲು ಬಂತು. ಮತ್ತೆ ಯಾವ ಸಂಬಂಧವೂ ಕೂಡಿಬರಲಿಲ್ಲ.

ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತವಳು ಅಲ್ಲೇ ಕೂದಲು ನರೆಸಿಕೊಂಡಳು. ಪಾರ್ಶ್ವವಾಯು ಬಡಿದು ಮಾತು ನಿಂತು ಮಲಗಿದ ಅಜ್ಜನ ಮೈ ಒರೆಸಿ, ಬಾಯಿಗೆ ತುತ್ತಿಟ್ಟು, ಕೊನೆಯವರೆಗೂ ನೋಡಿಕೊಂಡವಳು ಅವಳೇ. “ಪಾಪ, ಅಪ್ಪನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಹೇಗೆ ಹೇಳ್ತಾರೆ?” ಎನ್ನುತ್ತಿದ್ದಳು.

ಸೋದರಸೊಸೆ ನೆಂಟರಿಷ್ಟರನ್ನೆಲ್ಲ ಕೇಳಿ ಕೇಳಿ, ಕಡೆಗೊಮ್ಮೆ ಅಂಗಡಿಗೆ ರಜೆ ಹಾಕಿ, ಅಜ್ಜ ಹುಟ್ಟಿದ ನದೀತೀರದ ಊರಿಗೆ ಹೋದಳು. ಹೆಸರು ಹೇಳುತ್ತಲೇ ಜನ ಸೇತುವೆಯ ಕೆಳಗಿನ ತಗಡಿನ ಶೆಡ್ಡಿನ ಕಡೆ ಬೆರಳು ತೋರಿಸಿದರು. ಒಳಗೆ ನೆಲದ ತುಂಬ ಹೆರೆದ ಮರದ ಸುರುಳಿಗಳು; ಗೋಡೆಗೆ ಒರಗಿಸಿದ, ಆಳೆತ್ತರ ಮೀರಿದ ದೋಣಿಯ ಹುಟ್ಟುಗಳು. ಉಳಿ ಹಿಡಿದು ಕೂತಿದ್ದ ಮುದುಕ ಅಜ್ಜನ ಚಿಕ್ಕಪ್ಪನ ಮಗ.

“ಹುಟ್ಟು ಅಂದ್ರೆ ಇದೇ ಕಣಮ್ಮ,” ಎಂದ ಆತ, ಒಂದನ್ನು ತಟ್ಟಿ. “ನಮ್ಮ ಮುತ್ತಾತನ ಕಾಲದಿಂದ ಕೆತ್ತುತ್ತಾ ಬಂದಿದ್ದೀವಿ. ಹೊಳೆ ಕಾಣದವರಿಗೆ ಇದೆಲ್ಲಿ ತಿಳೀಬೇಕು?”

ಇಷ್ಟೇನಾ ಅನ್ನಿಸಿ ಅವಳಿಗೆ ನಗು ಬಂತು. “ಪಾಪ, ಅಜ್ಜನಿಗೆ ಇದು ಗೊತ್ತೇ ಇರಲಿಲ್ಲ.”

“ಯಾರಂದ್ರು? ಅವನಷ್ಟು ಚೆನ್ನಾಗಿ ನಮ್ಮಪ್ಪನೂ ಕೆತ್ತುತ್ತಿರಲಿಲ್ಲ. ಗುಮಾಸ್ತಗಿರಿ ಸಿಕ್ಕಿದ ಮೇಲೆ ಉಳಿ ಹಿಡಿದಿದ್ದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಅವನಿಗೆ. ಪೇಟೆಯಲ್ಲಿ ನಮ್ಮನ್ನ ಕಂಡ್ರೆ ರಸ್ತೆ ದಾಟಿಬಿಡ್ತಿದ್ದ.”

ಅವಳ ನಗು ಅಲ್ಲಿಗೇ ನಿಂತಿತು.

ಅರ್ಧ ಮಾತ್ರ ಹೇಳೋಣವೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಳು. ಅತ್ತೆ ಕೇಳಿ, “ದೋಣಿ ಹುಟ್ಟಾ?” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು:

“ಅಪ್ಪನಿಗೆ ಗೊತ್ತಿತ್ತಾ?”

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಮುಖದ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. “ಗೊತ್ತಿತ್ತಂತೆ ಅತ್ತೆ.”

ಅತ್ತೆ ಸೆರಗು ಕೆಳಗೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು.

“ಆ ಗಂಡು ತಪ್ಪಿಹೋದ ಅಂತ ನಾನೇನೂ ಅತ್ತವಳಲ್ಲ,” ಎಂದಳು ಆಮೇಲೆ. “ಅಷ್ಟು ವರ್ಷ ಪಕ್ಕದಲ್ಲೇ ಇದ್ದೆ. ಮಾತು ನಿಲ್ಲೋ ಮುಂಚೆ ಒಂದ್ಸಲ ನನಗಾದ್ರೂ ಹೇಳಬಹುದಿತ್ತು.”

ಅಂದಿನಿಂದ ಅತ್ತೆಯ ಬಾಯಲ್ಲಿ ಅಪ್ಪನ ಮಾತೇ ನಿಂತುಹೋಯಿತು. ಬಯ್ದಿದ್ದರೂ ಸೊಸೆಗೆ ಸಮಾಧಾನವಾಗುತ್ತಿತ್ತು. ಮನೆತನದ ಹೆಸರಿನ ಮೂಲ ಗೊತ್ತಾಗದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಎಷ್ಟೋ ಸಲ ತನ್ನನ್ನೇ ಶಪಿಸಿಕೊಂಡಳು. ಒಂದು ದಿನ ಆ ಮುದುಕ ಫೋನ್ ಮಾಡಿ ಇಬ್ಬರನ್ನೂ ಊರಿಗೆ ಕರೆದ.

“ನೀನು ಹೋಗಿ ಬಾ,” ಎಂದಳು ಅತ್ತೆ, ಬಟ್ಟೆಯಿಂದ ತಲೆಯೆತ್ತದೆ. “ನನಗೆ ಹೊಲಿಯೋದಿದೆ.”

ಸೊಸೆಯೂ ಹೋಗಲಿಲ್ಲ.