ಹಳಸಲಿನ ಲೆಕ್ಕ

ಅಚ್ಚಿನಿಂದ ಆಗತಾನೇ ಬಿದ್ದ ಮಾದರಿ ಬಟ್ಟಲನ್ನು ಮಾವ ಬೆಳಕಿಗೆ ಹಿಡಿದು ತಿರುಗಿಸಿದರು. ಮಕ್ಕಳ ಸಿರಪ್ಪು ಅಳೆಯುವ, ಪಕ್ಕದಲ್ಲಿ ಗೆರೆಗಳಿರುವ ಪುಟ್ಟ ಪ್ಲಾಸ್ಟಿಕ್ ಬಟ್ಟಲು. ಔಷಧ ಕಂಪನಿಯ ಈ ಆರ್ಡರ್ ಸಿಕ್ಕರೆ ಅವರ ಕಾರ್ಖಾನೆಯ ಎರಡೂ ಮೆಷೀನುಗಳು ವರ್ಷಪೂರ್ತಿ ಓಡುತ್ತವೆ. ಸಿಗದಿದ್ದರೆ ಒಂದನ್ನು ಮಾರಬೇಕು, ಅದನ್ನು ನಡೆಸುವ ಉದ್ದಣ್ಣನನ್ನು ಮನೆಗೆ ಕಳಿಸಬೇಕು.

ದರ ಕಟ್ಟುವ ಕೆಲಸ ಸೊಸೆಯದು. ಗಾಜಿನಂತೆ ಹೊಳೆಯುವ ಗಡಸು ಪ್ಲಾಸ್ಟಿಕ್ಕಿಗೂ ಹಾಲುಬಣ್ಣದ ಪಾಲಿಪ್ರೊಪಿಲೀನಿಗೂ ಕಿಲೋ ದರ ಹೆಚ್ಚುಕಡಿಮೆ ಒಂದೇ ಇತ್ತು. ಎರಡನೆಯದು ಅಚ್ಚಿನಲ್ಲಿ ಆರಲು ತುಸು ಹೆಚ್ಚು ಹೊತ್ತು ಬೇಕು. ಆದರೆ ಅದು ಹಗುರ, ಒಂದು ಕಿಲೋಗೆ ಹೆಚ್ಚು ಬಟ್ಟಲು ಬರುತ್ತವೆ, ಬಿದ್ದರೆ ಒಡೆಯುವುದಿಲ್ಲ. ಅವಳು ಅದನ್ನೇ ಆರಿಸಿದ್ದಳು. ತೊಂದರೆಯೆಂದರೆ, ಇನ್ನೊಂದು ಕಾರ್ಖಾನೆಯವರು ಅದಕ್ಕಿಂತ ಕಡಿಮೆ ದರ ಹೇಳಿದ್ದರು.

“ಹಳಸಲು ಬೆರೆಸು” ಎಂದರು ಮಾವ.

ಕೆಟ್ಟುಹೋದ ಮಾಲನ್ನೂ ಗುಜರಿಯ ಡಬ್ಬಿ, ಬಕೆಟ್ಟುಗಳನ್ನೂ ಅರೆದ ಕಾಳಿಗೆ ಅಲ್ಲಿ ಹಳಸಲು ಎಂದೇ ಹೆಸರು.

“ಅದರಲ್ಲಿ ಪೇಂಟಿನ ಡಬ್ಬಿ ಇದೆ ಮಾವ. ಇದು ಮಕ್ಕಳ ಬಾಯಿಗೆ ಹೋಗೋದು.”

“ಬಣ್ಣ ಹಾಕಿದ್ರೆ ಯಾರಿಗಮ್ಮ ಗೊತ್ತಾಗುತ್ತೆ? ಎಲ್ಲರೂ ಮಾಡೋದೇ. ನಾನೊಬ್ಬ ಹರಿಶ್ಚಂದ್ರ ಆಗೋಕೆ ಹೋಗಿ ಉದ್ದಣ್ಣನ ಮನೆ ಒಲೆ ಆರಿಸ್ಲಾ?”

ಸೊಸೆಗೆ ಗೊತ್ತಿತ್ತು, ಮಾವ ಜಿಪುಣರಲ್ಲ. ಮೆಷೀನು ಕೆಟ್ಟು ನಿಂತ ತಿಂಗಳಲ್ಲೂ ಅವರು ಉದ್ದಣ್ಣನ ಸಂಬಳ ತಡೆದವರಲ್ಲ. ಒಂದು ಮೆಷೀನಿಗೆ ಬರೀ ಹೊಸ ಕಾಳು, ಇನ್ನೊಂದಕ್ಕೆ ಹಳಸಲು ಬೆರೆಸಿದ್ದು ಹಾಕಿ ಒಂದು ದಿನ ಓಡಿಸೋಣ, ಆಮೇಲೆ ನೀವು ಹೇಳಿದ ದರವನ್ನೇ ಬರೆಯುತ್ತೇನೆ ಎಂದಳು. ಗೆಲ್ಲುವ ಪಂದ್ಯವೆಂದು ಮಾವ ಒಪ್ಪಿದರು.

ಹಳಸಲು ಬೆರೆಸಿದ ಮೆಷೀನಿನಿಂದ ಕಪ್ಪು ಚುಕ್ಕೆಯವು, ಅಂಚು ತುಂಬದವು, ತಳ ಉಬ್ಬಿದವು ಒಂದರ ಹಿಂದೊಂದು ಬಂದವು. ಉದ್ದಣ್ಣ ಅಭ್ಯಾಸದಂತೆ ಅವನ್ನು ಅರೆಯುವ ಯಂತ್ರದ ಬುಟ್ಟಿಗೆ ಎಸೆಯಲು ಹೋದ. ಸೊಸೆ ತಡೆದಳು. ನೆಲದ ಮೇಲೆ ಸುರಿಯಲು ಹೇಳಿದಳು.

ಕೆಟ್ಟ ಮಾಲನ್ನು ಆ ಕಾರ್ಖಾನೆಯಲ್ಲಿ ಯಾರೂ ಎಂದೂ ಎಣಿಸಿದವರಲ್ಲ. ಅರೆದರೆ ಮತ್ತೆ ಕಾಳು, ನಷ್ಟವೆಲ್ಲಿ ಎಂಬುದು ಅಲ್ಲಿನ ನಂಬಿಕೆ. ಸಂಜೆಗೆ ಆ ನಷ್ಟ ರಾಶಿಯಾಗಿ ಉದ್ದಣ್ಣನ ಮೊಣಕಾಲಿಗೆ ಬಂದಿತ್ತು. ಅವನ ಮೊಣಕಾಲೆಂದರೆ ಉಳಿದವರ ಸೊಂಟ.

“ಕಾಳು ವಾಪಸ್ ಬರುತ್ತೆ ಮಾವ. ಕರೆಂಟು ಬರುತ್ತಾ? ಹೋದ ಹೊತ್ತು ಬರುತ್ತಾ? ಒಳ್ಳೇ ಬಟ್ಟಲು ಮಾತ್ರ ಎಣಿಸಿ ನೋಡಿ.”

ಹಾಗೆ ಎಣಿಸಿ ಖರ್ಚು ಹಂಚಿದಾಗ ಹೊಸ ಕಾಳಿನ ಬಟ್ಟಲೇ ಕೂದಲೆಳೆಯಷ್ಟು ಅಗ್ಗವಾಗಿತ್ತು. ಮಾವ ಹಳಸಲಿನ ಒಳ್ಳೇ ಬಟ್ಟಲುಗಳಲ್ಲೇ ಎರಡನ್ನು ಹೆಕ್ಕಿ, ಒಂದಕ್ಕೆ ಗೆರೆಯವರೆಗೆ ನೀರು ತುಂಬಿ ಇನ್ನೊಂದಕ್ಕೆ ಸುರಿದರು. ನೀರು ಗೆರೆ ದಾಟಿತು. ಮತ್ತೆರಡು ತೆಗೆದುಕೊಂಡರು, ಈ ಸಲ ಗೆರೆ ಮುಟ್ಟಲಿಲ್ಲ. ಬಟ್ಟಲುಗಳನ್ನು ಕೆಟ್ಟ ಮಾಲಿನ ರಾಶಿಗೆ ಎಸೆದು, “ಹೊಸ ಕಾಳಿನ ದರಾನೇ ಬರಿ” ಎಂದರು.

ಕಂಪನಿಯ ಖರೀದಿ ಅಧಿಕಾರಿ ಬಂದವರೇ, ಇನ್ನೊಂದು ಕಾರ್ಖಾನೆಯ ನೀಲಿ ಬಟ್ಟಲುಗಳನ್ನು ಮೇಜಿನ ಮೇಲಿಟ್ಟು, ನಿಮ್ಮ ದರ ಹೆಚ್ಚಾಯಿತಲ್ಲ ಎಂದರು. ಸೊಸೆ ಬಾಯಿ ತೆರೆಯುವ ಮೊದಲೇ ಮಾವ ನೀರಿನ ಲೋಟ ಎಳೆದುಕೊಂಡರು. ತಮ್ಮ ಬಟ್ಟಲಿನಿಂದ ತಮ್ಮದೇ ಇನ್ನೊಂದಕ್ಕೆ ಸುರಿದರು. ನೀರು ಗೆರೆಯ ಮೇಲೆ ಗೆರೆಯಾಗಿ ನಿಂತಿತು. ಆಮೇಲೆ ನೀಲಿಯದರಿಂದ ನೀಲಿಯದಕ್ಕೆ ಸುರಿದರು. ನೀರು ಗೆರೆಯ ಮೇಲಕ್ಕೇರಿತು.

“ಇದು ಅಳತೆ ಅಲ್ಲ ಮೇಡಂ, ಅಂದಾಜು. ಮಗೂಗೆ ಅಂದಾಜಲ್ಲಿ ಔಷಧಿ ಕೊಡೋಕಾಗುತ್ತಾ?”

ಅಧಿಕಾರಿ ತಾವೇ ಮತ್ತೊಮ್ಮೆ ಸುರಿದು ನೋಡಿದರು. ಹೊರಡುವಾಗ ನೀಲಿ ಬಟ್ಟಲುಗಳನ್ನು ಕಸದ ಬುಟ್ಟಿಗೆ ಹಾಕಿದರು. ಆರ್ಡರ್ ಅದೇ ವಾರ ಬಂತು.

ಅಂದು ಮಾವ ಸೀಮೆಸುಣ್ಣ ತೆಗೆದುಕೊಂಡು ಅರೆಯುವ ಯಂತ್ರದ ಮೇಲೆ ದಪ್ಪಕ್ಷರದಲ್ಲಿ ‘ಬಾಯಿಗೆ ಹೋಗುವ ಮಾಲಿಗೆ ಅಲ್ಲ’ ಎಂದು ಬರೆದರು. ಉಳಿದ ಹಳಸಲನ್ನೆಲ್ಲ ಹೂಕುಂಡ ಮಾಡುವುದಕ್ಕೆ ಎತ್ತಿಡಲು ಹೇಳಿದರು.

ಉದ್ದಣ್ಣ ಬಗ್ಗಿ ಅಕ್ಷರ ಓದಿ, “ಕೊನೆಗೂ ಹರಿಶ್ಚಂದ್ರ ಆದ್ರಲ್ಲ ಯಜಮಾನ್ರೇ” ಎಂದ.

“ಅವನು ಸುಡುಗಾಡು ಕಾದ. ನಾನು ಎರಡು ಮೆಷೀನ್ ಓಡಿಸ್ತೀನಿ” ಎಂದರು ಮಾವ. “ನಡಿ, ನಿನ್ನ ಮೆಷೀನ್ ಕಾಯ್ತಿದೆ.”